ಎರಡನೆಯ ಭಾಗದ ಒಂಟೆ

ಅಂದು ಬೆಳಿಗ್ಗೆ ಬಸವಕಲ್ಯಾಣದ ಮೇಲೆ ಮಂಜು ನೆನೆದ ಕೌದಿಯಂತೆ ಬಿದ್ದಿತ್ತು. ಎಳ್ಳಮಾಸಿ ಹಬ್ಬ ಕಳೆದು ವಾರವಾಗಿತ್ತಷ್ಟೆ. ಕೋಟೆ ಇರಬೇಕಾದ ಕಡೆ ಕೋಟೆ ಇರಲಿಲ್ಲ, ಬೆಳ್ಳಗೆ ಏನೋ ಇತ್ತು. ಪೀರ್ ಪಾಷಾನ ಚಹದಂಗಡಿಯಲ್ಲಿ ಹಬೆ ಯಾವುದು, ಮಂಜು ಯಾವುದು ತಿಳಿಯುತ್ತಿರಲಿಲ್ಲ. ಫಜರ್ ನಮಾಜು ಮುಗಿಸಿ ಹೊರಬಂದ ದರ್ಜಿ ಅಬ್ದುಲ್ ರಜಾಕ್ ಒಂದು ಕಾಲಿಗೆ ತನ್ನ ಚಪ್ಪಲಿಯನ್ನೂ ಇನ್ನೊಂದಕ್ಕೆ ಯಾರದೋ ಚಪ್ಪಲಿಯನ್ನೂ ಮೆಟ್ಟಿಕೊಂಡು ಅರ್ಧ ದಾರಿ ಬಂದು, ಮತ್ತೆ ಹಿಂದಕ್ಕೆ ಹೋಗಿ ಬದಲಾಯಿಸಿ ಬಂದ.

ಮೇಲಿನವನು ಕೆಲವು ದಿನ ಊರನ್ನು ಹೀಗೆ ಮುಚ್ಚಿಡುತ್ತಾನೆ. ಮುಚ್ಚಿದ್ದು ಹೊತ್ತೇರಿದಂತೆ ತೆರೆಯುತ್ತದೆ. ರಜಾಕನಿಗೆ ಅಂದು ಹೆದರಿಕೆ ಇದ್ದದ್ದು ಅದಕ್ಕೇ.

ಹುಮನಾಬಾದಿನ ಟಾಕೀಸಿನಲ್ಲಿ ಅಂದು ‘ಮರಳುಮುಕುಟ’ ಸಿನೆಮಾದ ಎರಡನೆಯ ಭಾಗ. ಹನ್ನೊಂದು ಗಂಟೆಯ ಆಟ. ರಜಾಕ, ಮೋರಖಂಡಿಯ ಶೇವಂತಾಬಾಯಿ, ಅವಳ ಮೊಮ್ಮಗಳು ಸ್ನೇಹಲ, ಮೂವರೂ ಹೋಗುವುದೆಂದು ಗೊತ್ತಾಗಿತ್ತು. ಆ ಸಿನೆಮಾದಲ್ಲಿ ಒಂಟಿಗಣ್ಣಿನ ಒಂದು ಹೆಣ್ಣೊಂಟೆ ಬರಲೇಬೇಕಿತ್ತು. ಅದು ಬರುವುದಿಲ್ಲವೆಂದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ರಜಾಕ, ಇನ್ನೊಬ್ಬಳು ಅವನ ಹೆಂಡತಿ ಸರ್ವರಿ.

ಸಂಗತಿ ನಾಲ್ಕು ವರ್ಷ ಹಿಂದಿನದು.

ಶೇವಂತಾಬಾಯಿ ವಾರಕ್ಕೆರಡು ದಿನ ಮೋರಖಂಡಿಯಿಂದ ಮೆಂತೆ, ಹುಣಸಿಕ್ಕಿ ಸೊಪ್ಪು, ಹಸಿ ಮೆಣಸಿನಕಾಯಿ ತಂದು ರಜಾಕನ ಅಂಗಡಿಯ ಕಟ್ಟೆಯ ಮೇಲೆ ಕೂರುವವಳು. ಎಪ್ಪತ್ತು ದಾಟಿದೆ. ಬೆಳಿಗ್ಗೆ ಬುದ್ಧವಂದನೆ ಹೇಳದೆ ಬುಟ್ಟಿ ಎತ್ತುವವಳಲ್ಲ, ಕಥೆ ಕೇಳದೆ ಇಳಿಸುವವಳೂ ಅಲ್ಲ. ಅವಳಿಗೆ ಗೊತ್ತಿಲ್ಲದ ಕಥೆ ಮೂರು ತಾಲೂಕಿನಲ್ಲಿರಲಿಲ್ಲ. ಹಾಗಾಗಿ ಹುಮನಾಬಾದಿಗೆ ಅಸ್ತರು ಬಟ್ಟೆ ತರಲು ಹೋದ ರಜಾಕ ಅಲ್ಲಿ ಹೊಸ ಸಿನೆಮಾ ನೋಡಿ ಬಂದಿದ್ದಾನೆಂದು ಕೇಳಿದಾಗ, ಬುಟ್ಟಿಯನ್ನು ಬದಿಗಿಟ್ಟು, “ಹೇಳು ಭಾವು, ಹೊಸಾದು ಕೇಳಿ ಭಾಳ ದಿನ ಆತು,” ಎಂದಿದ್ದಳು.

ಅವಳು ಕಥೆ ಕೇಳುವುದಕ್ಕೆ ಒಂದು ರೀತಿಯಿತ್ತು. ಹೇಳುವವನ ಪ್ರತಿ ಮಾತಿಗೂ ಕೇಳುವವರು ‘ಹ್ಞೂಂ’ ಅನ್ನಬೇಕು. ಹ್ಞೂಂ ಬಿದ್ದರೆ ಕಥೆ ಮುಂದೆ ಹೆಜ್ಜೆ ಇಡುತ್ತದೆ, ಬೀಳದಿದ್ದರೆ ನಿಲ್ಲುತ್ತದೆ. ಮನಸ್ಸಿಗೆ ಒಪ್ಪದ ಮಾತಿಗೆ ಶೇವಂತಾಬಾಯಿ ಹ್ಞೂಂ ಅನ್ನುತ್ತಿರಲಿಲ್ಲ. ಎಂಥ ರಾಜನಿದ್ದರೂ ಅಲ್ಲೇ ನಿಲ್ಲಬೇಕು.

ರಾಜಕುಮಾರ ವಿಹಂಗ ಮರಳಿನ ಕಿರೀಟ ಹುಡುಕಿಕೊಂಡು ನಲವತ್ತು ದಿನ ಮರಳುಗಾಡಿನಲ್ಲಿ ನಡೆದ, ಎಂದು ರಜಾಕ ಹೇಳಿದ.

ಹ್ಞೂಂ ಬರಲಿಲ್ಲ.

“ನೀರು?” ಎಂದಳು ಶೇವಂತಾಬಾಯಿ.

ರಜಾಕನಿಗೆ ಗೊತ್ತಿರಲಿಲ್ಲ. ಟಾಕೀಸಿನ ಫ್ಯಾನಿನ ಗಾಳಿಗೆ ಅವನಿಗೆ ಅಲ್ಲಿ ಜೋಂಪು ಹತ್ತಿತ್ತು. ಕಣ್ಣು ಮುಚ್ಚುವಾಗ ರಾಜಕುಮಾರ ಮರಳುಗಾಡಿನ ಈಚೆ ಇದ್ದ, ತೆರೆದಾಗ ಆಚೆ ಇದ್ದ. ನಡುವೆ ನಲವತ್ತು ದಿನ ಎಲ್ಲಿಯೋ ಹೋಗಿದ್ದವು. ಸೂಜಿ ಹಿಡಿದ ಕೈ ನಿಂತಿತು. ಶೇವಂತಾಬಾಯಿ ಕಾಯುತ್ತಿದ್ದಳು.

“ಒಂದು ಒಂಟಿ ಇತ್ತು,” ಎಂದ.

“ಹ್ಞೂಂ,” ಎಂದಳು. ಆಮೇಲೆ, “ಹೆಸರು?”

ರಜಾಕನ ತೊಡೆಯ ಮೇಲೆ ಯಾರದೋ ಮದುವೆಯ ಕುಪ್ಪಸದ ಬಟ್ಟೆ ಇತ್ತು. “ಮಖಮಲ್,” ಎಂದುಬಿಟ್ಟ.

ಹೀಗೆ ಹುಟ್ಟಿದ ಮಖಮಲ್ ನಾಲ್ಕು ಸಂತೆಗಳಲ್ಲಿ ಬೆಳೆದಳು. ಒಂದು ಕಣ್ಣು ಬಿರುಗಾಳಿಯಲ್ಲಿ ಹೋಯಿತು. ಸಿಟ್ಟು ಬಂದರೆ ರಾಜಕುಮಾರನ ರುಮಾಲು ತಿನ್ನುತ್ತಿದ್ದಳು. ಕೊನೆಗೆ ಮಾಟಗಾತಿ ಧೂಮಿನಿ ರಾಜಕುಮಾರನನ್ನು ಕುತ್ತಿಗೆಯವರೆಗೆ ಮರಳಿನಲ್ಲಿ ಹೂತಾಗ, ಅವನಿಗೆ ನೀರು ತರಲು ಮಖಮಲ್ ಒಬ್ಬಳೇ ಹೊರಟಳು. ಅಲ್ಲಿಗೆ ಸಿನೆಮಾ ‘ಮುಂದುವರಿಯುವುದು’ ಎಂದು ನಿಂತಿತ್ತು, ಮಖಮಲ್‌ಳ ಪಾತ್ರ ಮಾತ್ರ ಅದರಲ್ಲಿರಲಿಲ್ಲ. ರಜಾಕನೂ ನಿಂತ.

“ಅರ್ಧಕ್ಕ ಬಿಟ್ಟು ಏಳ್ತಿ?” ಶೇವಂತಾಬಾಯಿ ಕೈ ಚಾಚಿದಳು. “ಒತ್ತಿ ಇಡು.”

ಅದು ಅವಳ ತವರಿನ ರಿವಾಜು. ಕಥೆಯನ್ನು ಅರ್ಧಕ್ಕೆ ಬಿಟ್ಟರೆ ಒಳಗಿನ ಜನ ದಾರಿಯಲ್ಲೇ ನಿಂತುಬಿಡುತ್ತಾರಂತೆ. ಅವರ ಹಸಿವು ನೀರಡಿಕೆಗೆ ಹೊಣೆಯಾಗಿ, ಹೇಳುವವನು ತನ್ನ ಮೈಮೇಲಿನದೊಂದು ವಸ್ತುವನ್ನು ಕೇಳುವವರ ಕೈಯಲ್ಲಿ ಒತ್ತೆ ಇಡಬೇಕು. ಕಥೆ ಮುಗಿದ ದಿನ ಅದು ಮರಳಿ ಬರುತ್ತದೆ. ರಜಾಕ ನಕ್ಕು, ಬೆರಳಿನಲ್ಲಿದ್ದ ಹಿತ್ತಾಳೆಯ ಅಂಗುಸ್ತಾನನ್ನು ಕಳಚಿ ಕೊಟ್ಟ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಳ್ಳುವ ಪುಟ್ಟ ಟೊಪ್ಪಿಗೆ ಅದು, ಅವನ ಅಬ್ಬಾ ಐವತ್ತು ವರ್ಷ ತೊಟ್ಟದ್ದು. ಎರಡನೆಯ ಭಾಗ ವರ್ಷದೊಳಗೆ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು.

ನಾಲ್ಕು ವರ್ಷ ಹಿಡಿಯಿತು. ಅಲ್ಲಿಯವರೆಗೆ ರಜಾಕ ಪ್ಲಾಸ್ಟಿಕ್ಕಿನ ಅಂಗುಸ್ತಾನಿನಲ್ಲಿ ಹೊಲಿದ. ಅದು ಜಾರುತ್ತಿತ್ತು. ಬೆರಳ ತುದಿ ಜರಡಿಯಾಯಿತು. ಪ್ರತಿ ಸಂತೆಗೆ ಶೇವಂತಾಬಾಯಿ ಬುಟ್ಟಿ ಇಳಿಸುವ ಮೊದಲು ಕೇಳುತ್ತಿದ್ದಳು, “ಮಖಮಲ್ ಸುದ್ದಿ ಬಂತೇನು?” ಅವಳ ಬಾಯಿಂದ ಕಥೆ ಮೋರಖಂಡಿಗೂ ಹೋಗಿತ್ತು. ಅಲ್ಲಿ ಒಂದು ಎಮ್ಮೆಕರುವಿಗೆ ಮಖಮಲ್ ಎಂದು ಹೆಸರಿಟ್ಟಿದ್ದರು.

ರಜಾಕ ಅಳತೆಯಲ್ಲಿ ಗೇಣು ಬಟ್ಟೆ ಕದ್ದವನಲ್ಲ. ಐದು ಹೊತ್ತಿನ ನಮಾಜು ತಪ್ಪಿಸಿದವನಲ್ಲ. ಅವನಿಗಿದ್ದದ್ದು ಒಂದೇ ಚಿಂತೆ. ಸಿನೆಮಾದಲ್ಲಿ ಒಂಟೆ ಇಲ್ಲವೆಂದು ಗೊತ್ತಾದ ದಿನ ಶೇವಂತಾಬಾಯಿ ತನ್ನ ಯಾವ ಮಾತಿಗೂ ಇನ್ನು ಹ್ಞೂಂ ಅನ್ನಲಾರಳು. ಕೆಲವೊಮ್ಮೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ತಾನು ನಿದ್ದೆಹೋದಾಗ ಒಂಟೆ ಬಂದು ಹೋಗಿರಲೂಬಹುದಲ್ಲ! ದೇವರ ರಾಜ್ಯದಲ್ಲಿ ಏನು ಕಡಿಮೆ?

ಅಂದು ಬೆಳಿಗ್ಗೆ ಸರ್ವರಿ ರೊಟ್ಟಿ ಕಟ್ಟಿಕೊಡುತ್ತ ಬೈದಳು. ಅವಳ ಬೈಗುಳ ದಖನಿಯಲ್ಲಿ, ಉಪದೇಶ ಕನ್ನಡದಲ್ಲಿ. ಬೈಗುಳ ಮುಗಿದ ಮೇಲೆ ಹೇಳಿದಳು, “ಟಾಕೀಸ ಮುಟ್ಟೂದ್ರಾಗ ಹೇಳಿಬಿಡ್ರಿ. ಕತ್ತಲದಾಗ ತಾನೇ ನೋಡಿ ತಿಳಕೊಂಡ್ರ ಛಲೋ ಇರಂಗಿಲ್ಲ.”

“ಹೇಳ್ತೇನಿ.”

“ನಾಲ್ಕು ವರ್ಷದಿಂದ ಹೇಳಾಕತ್ತೀರಿ.”

ಬಸ್ ನಿಲ್ದಾಣದಲ್ಲಿ ಶೇವಂತಾಬಾಯಿ ಹಸಿರು ಇಳಕಲ್ ಸೀರೆಯುಟ್ಟು, ಎಣ್ಣೆ ಹಚ್ಚಿ ಬಾಚಿದ ತಲೆಯೊಂದಿಗೆ, ಬೀಗರೂರಿಗೆ ಹೊರಟವಳಂತೆ ನಿಂತಿದ್ದಳು. ಕೈಯಲ್ಲಿ ಒಂದು ಕಟ್ಟು ಮೆಂತೆ.

“ಮೆಂತೆ ಯಾಕಕ್ಕಾ?”

“ಮಖಮಲ್‌ಗೆ. ತೋರಿಸಾಕರ ಬೇಕಲ್ಲ.”

ರಜಾಕ ಗಂಟಲು ಸರಿಮಾಡಿಕೊಂಡ. “ಅಕ್ಕಾ, ಆ ಒಂಟಿ ವಿಷಯ—”

“ಏ ರಜಾಕ್ ಭಾಯಿ!” ಪೀರ್ ಪಾಷಾ ಮಂಜಿನೊಳಗಿಂದ ಕೂಗಿದ. “ನಿಮ್ಮ ಒಂಟಿಗೆ ಸಲಾಮ್ ಹೇಳ್ರಿ! ನೀರು ತಂದ್ಲಂದ್ರ ನನ್ನ ಅಂಗಡಿಗೂ ಒಂದ ಕೊಡ ಕಳಸಂತ ಹೇಳ್ರಿ, ನಳ ಬಂದು ನಾಲ್ಕ ದಿನ ಆತು!”

ಎಲ್ಲರೂ ನಕ್ಕರು. ಶೇವಂತಾಬಾಯಿಯೂ ನಕ್ಕಳು. ಮೊದಲನೆಯ ಸಲ ಹೀಗೆ ತಪ್ಪಿತು.

ನಿಲ್ದಾಣದಲ್ಲೂ ಕಿವಿಯಿಂದ ಫೋನಿನ ವಯರು ತೆಗೆಯದ ಸ್ನೇಹಲ ಬಸ್ಸಿನಲ್ಲಿ ಕಿಟಕಿಗೆ ಕೂತಳು. ಹೈಸ್ಕೂಲಿನಿಂದ ಹಾಸ್ಟೆಲಿನಲ್ಲೇ ಓದುತ್ತಿರುವ, ಬಿ.ಎ. ಎರಡನೆಯ ವರ್ಷದ ಹುಡುಗಿ. ಸಿನೆಮಾ ನೋಡಿ ಅದರ ಪ್ಲಸ್ ಎಷ್ಟು ಮೈನಸ್ ಎಷ್ಟು ಎಂದು ಫೋನಿನಲ್ಲಿ ಮಾತಾಡಿ ಬಿಡುತ್ತಾಳೆ, ಆರುನೂರು ಜನ ಕೇಳುತ್ತಾರೆ. ಅಜ್ಜಿಯ ಕಥೆಗಳನ್ನು ಕೇಳಲು ಅವಳಿಗೆ ಪುರಸೊತ್ತಿರಲಿಲ್ಲ, ಅಜ್ಜಿಗೆ ಅವಳ ಫೋನು ನೋಡಲು ಕಣ್ಣಿರಲಿಲ್ಲ. ಆದ್ದರಿಂದ ಮಖಮಲ್‌ಳ ವಿಷಯ ಅವರಿಬ್ಬರ ನಡುವೆ ಬಂದೇ ಇರಲಿಲ್ಲ.

ರಾಜೇಶ್ವರ ಊರು ದಾಟುವಾಗ ಮಂಜು ಹರಿದು ತೊಗರಿ ಹೊಲ ಕಾಣಿಸಿತು. ರಜಾಕ ಮತ್ತೆ ಬಾಯಿ ತೆರೆದ. “ಅಕ್ಕಾ, ನಾ ಒಂದ ಮಾತು—”

“ಆಧಾರ್ ತೋರಿಸ್ರಿ ಆಜಿ,” ಎಂದ ಕಂಡಕ್ಟರ್ ಸಂತೋಷಕುಮಾರ.

“ಹೋದ ವಾರ ನೋಡೀದಿಲ್ಲೋ? ನಾನೇ ಅದೇನಿ, ಬದಲಾಗಿಲ್ಲ.”

“ನೀವು ಬದಲಾಗಿಲ್ರಿ, ಸರ್ಕಾರಕ್ಕ ನಂಬಿಕಿಲ್ಲ.”

ಶೇವಂತಾಬಾಯಿ ಸೊಂಟದ ಎಲೆಯಡಿಕೆ ಚಂಚಿಯನ್ನು ಬಿಚ್ಚಿ ಒಂದೊಂದೇ ತೆಗೆದು ರಜಾಕನ ಕೈಗೆ ಕೊಡತೊಡಗಿದಳು. ಸುಣ್ಣದ ಡಬ್ಬಿ, ಅಡಕತ್ತರಿ, ಮಡಿಚಿದ ಬಿಳಿ ಬಟ್ಟೆಯ ಒಂದು ಗಂಟು. ಗಂಟಿನೊಳಗೆ ಅಂಗುಸ್ತಾನು ಇದ್ದದ್ದು ಅವನ ಬೆರಳಿಗೇ ಗೊತ್ತಾಯಿತು. ಆಧಾರ್ ಸಿಕ್ಕ ಮೇಲೆ ಅವಳು ಗಂಟನ್ನು ಮರಳಿ ತೆಗೆದುಕೊಂಡು, ಒರೆಸಿ, ತಳಕ್ಕೆ ಇಟ್ಟಳು. ಎರಡನೆಯ ಸಲವೂ ಹೀಗೆ ತಪ್ಪಿತು.

ಹುಮನಾಬಾದಿನ ಟಾಕೀಸಿನ ಮುಂದೆ ರಾಜಕುಮಾರ ವಿಹಂಗನ ಮೂವತ್ತಡಿ ಚಿತ್ರಕ್ಕೆ ಹುಡುಗರು ಹಾಲು ಸುರಿಯುತ್ತಿದ್ದರು. “ಅಕ್ಕಾ—” ಎಂದ ರಜಾಕ, ಮೂರನೆಯ ಸಲ. ಅಷ್ಟರಲ್ಲಿ ಒಂದು ತಂಬಿಗೆ ಹಾಲು ಗುರಿ ತಪ್ಪಿ ಅವನ ಟೊಪ್ಪಿಗೆಯ ಮೇಲೆ ಬಿತ್ತು. ಸ್ನೇಹಲ ಕರವಸ್ತ್ರ ಕೊಟ್ಟಳು. ಒರೆಸಿಕೊಳ್ಳುವುದರೊಳಗೆ ಬಾಗಿಲು ತೆರೆದು ಜನ ಮೂವರನ್ನೂ ಒಳಗೆ ನೂಕಿದ್ದರು.

ಕತ್ತಲಾಯಿತು. ರಜಾಕ ಕಣ್ಣು ಮುಚ್ಚಿ ಬೇಡಿಕೊಂಡ. ಯಾ ಅಲ್ಲಾ, ಎಲ್ಲಿಂದಾದರೂ ಒಂದು ಒಂಟೆ.

ಪರದೆಯ ಮೇಲೆ ಬೆಂಕಿಯ ಅಕ್ಷರದಲ್ಲಿ ಹೆಸರು ಬಂತು. “ಹ್ಞೂಂ,” ಎಂದಳು ಶೇವಂತಾಬಾಯಿ, ಗಟ್ಟಿಯಾಗಿ.

ಮುಂದಿನ ಸಾಲಿನವರು ತಿರುಗಿ ನೋಡಿದರು. ಪರದೆಯ ಮೇಲೆ ಗಂಭೀರ ದನಿಯೊಂದು, “ಏಳು ಮರಳುಗಳಾಚೆ ಒಂದು ಸಾಮ್ರಾಜ್ಯವಿತ್ತು,” ಎಂದಿತು. “ಹ್ಞೂಂ,” ಎಂದಳು.

“ಆಜಿ, ಇಲ್ಲಿ ಅನ್ನಬಾರದು,” ಸ್ನೇಹಲ ಪಿಸುಗುಟ್ಟಿದಳು.

“ಅನ್ನಲಿಲ್ಲಂದ್ರ ಕಥಿ ದಾರಿ ತಪ್ತದ. ಇಷ್ಟ ಮಂದಿ ಕೂತೀರಿ, ಒಬ್ಬರರ ಅನ್ನಬಾರದಾ? ಪಾಪ, ಅಂವ ಒಬ್ಬನ ಹೇಳಾಕತ್ತಾನ.”

ಹಿಂದಿನಿಂದ ಯಾರೋ ನಗುತ್ತ “ಹ್ಞೂಂ” ಎಂದ. ಮತ್ತೊಬ್ಬ ಎಂದ. ಐದು ನಿಮಿಷದಲ್ಲಿ ಬಾಲ್ಕನಿಯವರೂ ಸೇರಿಕೊಂಡರು. ಕೋಟೆಯೊಂದು ಬೇರುಸಹಿತ ಎದ್ದು ಆಕಾಶದಲ್ಲಿ ಹಾರಿತು. ನಾನೂರು ಗಂಟಲು “ಹ್ಞೂಂ” ಎಂದವು. ಅಂಥ ಮರ್ಯಾದೆ ಆ ಸಿನೆಮಾಕ್ಕೆ ಬೇರೆ ಯಾವ ಊರಿನಲ್ಲೂ ಸಿಕ್ಕಿರಲಾರದು.

ಆಮೇಲೆ ರಾಜಕುಮಾರ ಬಂದ. ಅರಮನೆಯಲ್ಲಿ, ಜರತಾರಿ ಅಂಗಿ, ಬಾಚಿದ ತಲೆ. ಸೀಟಿಗಳು ಬಿದ್ದವು.

ಶೇವಂತಾಬಾಯಿ ಸುಮ್ಮನಿದ್ದಳು. ಅವಳು ಸುಮ್ಮನಾದಳೆಂದು ಮುಂದಿನ ಸಾಲು ಸುಮ್ಮನಾಯಿತು.

“ಯಾಕ್ರಿ ಆಜಿ, ಹ್ಞೂಂ ಅನ್ರಿ!” ಹಿಂದಿನಿಂದ ಒಬ್ಬ ಕೂಗಿದ.

“ಅನ್ನಂಗಿಲ್ಲ. ಅಂವ ಕುತ್ತಿಗಿ ತನಕ ಮರಳಿನಾಗಿದ್ದ. ಹ್ಯಾಂಗ ಎದ್ದ? ಅದನ್ನ ಮೊದಲ ಹೇಳಲಿ.”

ಟಾಕೀಸೆಲ್ಲ ಕಿವಿಗೊಟ್ಟಿತು. ಹೌದಲ್ಲ! ನಾಲ್ಕು ವರ್ಷ ಕಾದದ್ದು ಅದನ್ನು ತಿಳಿಯಲೆಂದೇ. ರಾಜಕುಮಾರ ಏನೂ ಹೇಳದೆ ಹಿಮದ ಬೆಟ್ಟಕ್ಕೆ ಹೋಗಿ, ತೆಳ್ಳನೆಯ ಅಂಗಿಯಲ್ಲಿ ಹಾಡು ಹೇಳತೊಡಗಿದ.

“ಥಂಡಿ ಹತ್ತತದ,” ಎಂದಳು ಶೇವಂತಾಬಾಯಿ ಬೇಸರದಿಂದ.

ಮಧ್ಯಂತರವಾಯಿತು, ಹೋಯಿತು. ನೀರಿನಿಂದಲೇ ಆದ ಆನೆಗಳು ಬಂದು ಬೆಂಕಿಯ ಸೈನ್ಯವನ್ನು ತುಳಿದವು. ಶೇವಂತಾಬಾಯಿ ಎದ್ದು ನಿಂತು ಕೈಮುಗಿದಳು. ಆಮೇಲೆ ಒಂದು ಬಾಜಾರದ ದೃಶ್ಯ ಬಂತು. ಅದರಲ್ಲಿ ಗೋಡೆಯ ನೆರಳಿನಲ್ಲಿ, ಸಾಲಾಗಿ, ಇಪ್ಪತ್ತು ಒಂಟೆಗಳು ನಿಂತಿದ್ದವು.

ರಜಾಕ ಸೀಟಿನ ಅಂಚಿಗೆ ಸರಿದ. ತಾನು ಕೇಳಿದ್ದು ಒಂದು. ಕೊಡುವವನು ಕೊಟ್ಟರೆ ಹೀಗೆ!

ಸಾಲಿನ ಕೊನೆಯ ಒಂಟೆ ಪಕ್ಕಕ್ಕೆ ಮುಖ ತಿರುಗಿಸಿತು.

“ಅದಽ! ಅದಽ ಮಖಮಲ್!” ಶೇವಂತಾಬಾಯಿ ಮೆಂತೆ ಕಟ್ಟನ್ನು ಎತ್ತಿ ಹಿಡಿದಳು. “ನೋಡು ಭಾವು, ಒಂದಽ ಕಣ್ಣು!”

ಪಕ್ಕದಿಂದ ನೋಡಿದರೆ ಯಾವ ಒಂಟೆಗೂ ಕಾಣುವುದು ಒಂದೇ ಕಣ್ಣು. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ರಾಜಕುಮಾರ ಕುದುರೆಯ ಮೇಲೆ ಬಂದ, ಒಂಟೆಗಳ ಮುಂದೆಯೇ ಹಾದ, ಕತ್ತು ಕೂಡ ತಿರುಗಿಸದೆ ಹೋದ. ದೃಶ್ಯ ಮುಗಿಯಿತು. ಮುಂದೆ ಒಂದು ಗಂಟೆ ಸಿನೆಮಾ ನಡೆಯಿತು. ಮೂರು ಸಲ ಮುಗಿದಂತೆ ಮಾಡಿ ಮೂರು ಸಲವೂ ಎದ್ದು ಕೂತಿತು. ಒಂಟೆ ಮತ್ತೆ ಬರಲಿಲ್ಲ. ಕೊನೆಗೆ ಮುಕುಟ ಎರಡಾಗಿ ಒಡೆದು, ‘ಮೂರನೆಯ ಭಾಗದಲ್ಲಿ’ ಎಂದು ಬರೆದು ಬಂತು.

ದೀಪ ಹತ್ತಿದಾಗ ಶೇವಂತಾಬಾಯಿ ಕೇಳಿದಳು, “ಮತ್ತ ಅರ್ಧಕ್ಕ ಬಿಟ್ರಾ? ಒತ್ತಿ ಏನಿಟ್ರು?”

“ಏನೂ ಇಲ್ಲ ಆಜಿ,” ಎಂದಳು ಸ್ನೇಹಲ.

“ಇಷ್ಟ ದೊಡ್ಡ ಮಂದಿ, ಒಂದ ಗುಂಡಿ ಸುದ್ದಾ ಇಡಲಿಲ್ಲ! ನಮ್ಮ ರಜಾಕ್ ಬಡವ, ಅಪ್ಪನ ಅಂಗುಸ್ತಾನ್ ಇಟ್ಟಾನ.”

ರಜಾಕ ತನ್ನ ಚಪ್ಪಲಿಯನ್ನು ನೋಡಿಕೊಂಡ. ಎರಡೂ ಅವನವೇ ಆಗಿದ್ದವು.

ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಬಿಸಿಲು ಹಿತವಾಗಿತ್ತು. ಕಲ್ಯಾಣದ ಬಸ್ಸು ಬಂದಿರಲಿಲ್ಲ. ಸ್ನೇಹಲ ಕಲ್ಲುಬೆಂಚಿಗೆ ಫೋನು ಆನಿಸಿ, ಕೂದಲು ಸರಿಪಡಿಸಿಕೊಂಡು ಮಾತಾಡತೊಡಗಿದಳು. ಹತ್ತು ಮಂದಿ ಸುತ್ತ ನಿಂತರು.

“ಪ್ಲಸ್ ಪಾಯಿಂಟ್ ಏನಂದ್ರ, ಗ್ರಾಫಿಕ್ಸ್ ಸೂಪರ್. ನೀರಿನ ಆನೆ ಫೈಟಿಗೆ ಕೊಟ್ಟ ರೊಕ್ಕ ವಸೂಲು. ಧೂಮಿನಿ ಆ್ಯಕ್ಟಿಂಗ್ ಮೊದಲ ಭಾಗಕ್ಕಿಂತ ಜಬರ್ದಸ್ತ್. ಮೈನಸ್ ಏನಂದ್ರ, ಫ್ಲ್ಯಾಶ್‌ಬ್ಯಾಕಿನೊಳಗ ಫ್ಲ್ಯಾಶ್‌ಬ್ಯಾಕು, ಹಾಡು ಬ್ಯಾಡಾಗಿತ್ತು, ಸೆಕೆಂಡ್ ಹಾಫ್ ಭಾಳ ಎಳೆದಾರ. ಈಗ ನಮ್ಮ ಆಜಿ ಹೇಳ್ತಾರ. ಆಜಿ, ಹ್ಯಾಂಗನಿಸ್ತು?”

ಶೇವಂತಾಬಾಯಿ ಫೋನನ್ನು ಮನುಷ್ಯನೆಂದೇ ತಿಳಿದು ಅದಕ್ಕೆ ನಮಸ್ಕಾರ ಮಾಡಿದಳು. “ಆ ಮಾಟಗಾತಿ ಛಲೋ ಹೆಣ್ಮಗಳು. ಕೊಲ್ತೇನಂದ್ಲು, ಕೊಲ್ಲಾಕ ಬಂದ್ಲು, ಆಡಿದ ಮಾತು ತಪ್ಪಲಿಲ್ಲ. ಆನಿ ದೇವರಂಥಾವು. ರಾಜಕುಮಾರ ಮಾತ್ರ ಲಬಾಡ. ನೀರು ತರಾಕ ಹೋದ ಮಖಮಲ್ ಬಾಜಾರದಾಗ ನಿಂತಿದ್ಲು, ಒಂದ ಸಲ ‘ಹ್ಯಾಂಗದಿ ತಾಯಿ’ ಅನ್ನಲಿಲ್ಲ.”

“ಟಾಕೀಸಿನಾಗೂ ಕೂಗಿದ್ರಿ, ಯಾರ ಆಜಿ ಮಖಮಲ್?”

“ಒಂಟಿ! ಮೊದಲ ಭಾಗದಾಗ ಇದ್ದಿಲ್ಲೇನ?”

“ಮೊದಲ ಭಾಗದಾಗ ಒಂಟೀನ ಇಲ್ಲ. ನಾ ಆರು ಸಲ ನೋಡೇನಿ.”

ಆರು ಸಲ. ರಜಾಕ ನಾಲ್ಕು ವರ್ಷ ಕಾಪಾಡಿಕೊಂಡು ಬಂದ ಸಣ್ಣ ಆಸೆ, ನಿದ್ದೆಯ ಹೊತ್ತಿನಲ್ಲಿ ಬಂದು ಹೋಗಿರಬಹುದಾದ ಆ ಒಂಟೆ, ಅಲ್ಲೇ ಸತ್ತುಬಿತ್ತು.

“ನೀ ಮಕ್ಕೊಂಡಿರಬೇಕು,” ಎಂದಳು ಶೇವಂತಾಬಾಯಿ.

“ಆರು ಸಲಾನೂ ಮಕ್ಕೊಂಡಿದ್ದೆನೇನು?”

“ಮಕ್ಕೊಂಡಿರಬೇಕು! ಇಲ್ಲಾ ಸುಳ್ಳು ಹೇಳಾಕತ್ತಿ. ರಜಾಕ್ ನನಗ ನಾಲ್ಕ ಸಂತಿ ಹೇಳ್ಯಾನ, ಹೆಸರು ಹಿಡದು. ಅಂವ ಸುಳ್ಳು ಹೇಳೋ ಮನಷ್ಯಾ ಅಲ್ಲ. ಎಲ್ಲಾರ ಮುಂದ ಹಿರಿಯಾರನ್ನ ಖೊಟ್ಟಿ ಮಾಡ್ತಿ, ನಾಚಿಕಿಲ್ಲೇನು?”

ಸುತ್ತ ನಿಂತವರು ನಕ್ಕರು. ಸ್ನೇಹಲಳ ಮುಖ ಕೆಂಪಾಯಿತು. ಆರುನೂರು ಜನರಿಗೆ ಮಾತಾಡುವ ಹುಡುಗಿಯ ಕಣ್ಣು ಅಜ್ಜಿಯ ಮುಂದೆ ತುಂಬಿ ಬಂತು.

ರಜಾಕ ಸುಮ್ಮನಿದ್ದರೆ ಆಗುತ್ತಿತ್ತು. ಬಾಜಾರದ ಒಂಟೆ ಅವನನ್ನು ಕಾಪಾಡಿತ್ತು. ಶೇವಂತಾಬಾಯಿ ತನ್ನ ಕಣ್ಣಾರೆ ಮಖಮಲ್‌ಳನ್ನು ನೋಡಿದ್ದಳು. ಆದರೆ ತಾನು ಬೇಡಿ ಪಡೆದದ್ದರಿಂದ ಇನ್ನೊಬ್ಬರ ಕಣ್ಣಲ್ಲಿ ನೀರು ಬಂದರೆ, ಅದು ಮೇಲಿನವನು ಕೊಟ್ಟದ್ದಲ್ಲ, ಪರೀಕ್ಷೆಗೆ ಕಳಿಸಿದ್ದು. ಇಷ್ಟು ಅವನಿಗೆ ತಿಳಿಯುತ್ತಿತ್ತು.

“ಮಕ್ಕೊಂಡಾಂವ ನಾನು, ಅಕ್ಕಾ,” ಎಂದ.

ಶೇವಂತಾಬಾಯಿ ತಿರುಗಿದಳು.

“ಮರಳುಗಾಡಿನಾಗ ನನಗ ನಿದ್ದಿ ಹತ್ತಿತ್ತು. ನೀವು ನೀರು ಅಂದ್ರಿ. ನನಗ ಗೊತ್ತಿದ್ದಿಲ್ಲ. ಒಂಟಿ ಅಂದೆ. ಆ ಒಂಟಿ ಸಿನೆಮಾದಾಗಿಲ್ಲ. ನಾ ಮಾಡಿದ್ದು. ಸ್ನೇಹಲ ಹೇಳೂದು ಖರೇ.”

ಶೇವಂತಾಬಾಯಿ ಕೈಯಲ್ಲಿದ್ದ ಮೆಂತೆಯನ್ನು ನೋಡಿದಳು. ಬಿಸಿಲಿಗೆ ಬಾಡಿತ್ತು.

“ನಾಲ್ಕು ವರ್ಷ,” ಎಂದಳು ನಿಧಾನವಾಗಿ, “ನಾ ನೀರು ಕುಡಿಯುವಾಗೆಲ್ಲ ಆಕಿನ್ನ ನೆನೆಸೇನಿ.”

ಬಸ್ಸು ಬಂತು. ಅವಳು ಹತ್ತಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ಸ್ನೇಹಲ ಅವಳ ಪಕ್ಕ ಕೂತಳು. ರಜಾಕ ಮೂರು ಸೀಟು ಹಿಂದೆ, ಒಬ್ಬನೇ. ಕಂಡಕ್ಟರ್ ಸಂತೋಷಕುಮಾರ ಆಧಾರ್ ಕೇಳಲು ಬಂದವನು ಅವಳ ಮುಖ ನೋಡಿ, “ಇರಲಿ, ಮುಂಜಾನೆ ನೋಡೇನಿ,” ಎಂದು ಚೀಟಿ ಹರಿದು ಕೊಟ್ಟ.

ಹೊಲಗಳು ಹಿಂದೆ ಸರಿದವು. ರಜಾಕ ತಸ್ಬಿ ತೆಗೆದು ಮಣಿ ಎಣಿಸಿದ. ಹತ್ತಕ್ಕೊಮ್ಮೆ ಲೆಕ್ಕ ತಪ್ಪುತ್ತಿತ್ತು. ರಾಜೇಶ್ವರದಲ್ಲಿ ಬಸ್ಸು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಬಸ್ಸು ಹೊರಟ ಮೇಲೆ ಶೇವಂತಾಬಾಯಿ ತಿರುಗದೆ, ಮುಂದಿನ ಗಾಜನ್ನೇ ನೋಡುತ್ತ ಕೂಗಿದಳು.

“ರಜಾಕ್.”

“ಅಕ್ಕಾ?”

“ನೀರು?”

ಅವನಿಗೆ ತಿಳಿಯಲಿಲ್ಲ. “ಬಾಟಲಿ ಅದ, ಕೊಡಲಾ?”

“ನನಗಲ್ಲೋ ಖೋಡಿ! ಸಿನೆಮಾದವರ ಕಥಿ ಅವರು ಮುಗಿಸಲಿ ಬಿಡಲಿ. ಒಂಟಿ ನಿಂದು. ಹುಟ್ಟಿಸಿದಾಂವ ನೀನು, ಮರಳಿನಾಗ ಬಿಟ್ಟಾಂವ ನೀನು. ಇನ್ನೂ ಅಲ್ಲೇ ತಿರಗಾಕತ್ತಾಳ. ಯಾರು ಹೊಣಿ?”

“ಅಕ್ಕಾ, ಅದು ಸುಳ್ಳು—”

“ನಿದ್ದಿ ಮಾಡಿದ್ದು ಮುಚ್ಚಿಟ್ಟಿ, ಅದು ಸುಳ್ಳು. ಅದನ್ನ ಹೇಳಿದಿ, ಮುಗೀತು. ಈಗ ನಾ ಗೊತ್ತಿದ್ದು ಕೇಳಾಕತ್ತೇನಿ. ಗೊತ್ತಿದ್ದು ಹ್ಞೂಂ ಅಂತೇನಿ. ಹೇಳು.”

ಇಡೀ ಬಸ್ಸು ಹಿಂದಕ್ಕೆ ತಿರುಗಿ ರಜಾಕನನ್ನು ನೋಡುತ್ತಿತ್ತು. ಅವನು ಸೀಟಿನ ಕಂಬಿ ಹಿಡಿದು ಎದ್ದು ನಿಂತ. ಐವತ್ತೆಂಟು ವರ್ಷದ ಮನುಷ್ಯ, ಟೊಪ್ಪಿಗೆಯ ಮೇಲೆ ಒಣಗಿದ ಹಾಲಿನ ಕಲೆ. ಬಿಸ್ಮಿಲ್ಲಾ ಎಂದುಕೊಂಡ.

“ಮಖಮಲ್ ಮೂರು ದಿನ ನಡದ್ಲು.”

“ಹ್ಞೂಂ.”

“ನಾಲ್ಕನೇ ದಿನಾ ಒಂದು ಮೆಟ್ಟಿಲಿನ ಬಾವಿ ಸಿಕ್ತು. ತುಂಬ ನೀರು.”

“ಹ್ಞೂಂ.”

“ಹೊಟ್ಟಿ ತುಂಬ ಕುಡದ್ಲು. ಆಮ್ಯಾಲ ರಾಜಕುಮಾರಗ ತಗೊಂಡು ಹೊಂಟ್ಲು.”

ಹ್ಞೂಂ ಬರಲಿಲ್ಲ.

“ಹ್ಯಾಂಗ ತಗೊಂಡು ಹೊಂಟ್ಲು?” ಎಂದಳು ಶೇವಂತಾಬಾಯಿ. “ಕೊಡ ಇಲ್ಲ, ಕೈ ಇಲ್ಲ.”

“ಬಾಯಾಗ ಹಿಡಕೊಂಡು?” ಎಂದ ಸಂತೋಷಕುಮಾರ.

“ಸುಮ್ಮನಿರ್ರಿ, ಅವರು ಹೇಳಲಿ,” ಎಂದಳು ಒಬ್ಬ ಹೆಂಗಸು.

ರಜಾಕ ತನ್ನ ಕೈಗಳನ್ನು ನೋಡಿಕೊಂಡ. ಬೆರಳ ತುದಿಯ ಸೂಜಿಗಾಯಗಳನ್ನು ನೋಡಿದ. ನಲವತ್ತು ವರ್ಷ ಹೊಲಿದ ಕೈಗೆ ಉತ್ತರ ಗೊತ್ತಿತ್ತು, ಬಾಯಿಗೆ ಬರಲು ತುಸು ತಡವಾಯಿತು.

“ಆಕಿ ಬೆನ್ನ ಮ್ಯಾಲ ಕೌದಿ ಹೊಚ್ಚಿದ್ರು. ಏಳು ಪದರಿನ ಕೌದಿ. ಮಖಮಲ್ ಬಾವಿಗೆ ಇಳದು ಮುಳುಗು ಹಾಕಿದ್ಲು. ಏಳೂ ಪದರು ನೀರು ಕುಡದ್ವು. ತಿರುಗಿ ಬರುವಾಗ ಬಿಸಿಲಿಗೆ ಮ್ಯಾಲಿನ ಎರಡು ಪದರು ಒಣಗಿದ್ವು. ಮರುದಿನಾ ಮತ್ತೆರಡು ಒಣಗಿದ್ವು.”

“ಹ್ಞೂಂ,” ಎಂದಳು ಶೇವಂತಾಬಾಯಿ. ಹಿಂದೆಯೇ ಬಸ್ಸೂ ಎಂದಿತು.

“ರಾಜಕುಮಾರನ ಹತ್ರ ಬರೂದ್ರಾಗ ಒಂದ ಪದರು ಹಸಿ ಉಳದಿತ್ತು. ಆಕಿ ಅವನ ತೆಲಿ ಮ್ಯಾಲ ಬಗ್ಗಿ ಕೂತ್ಲು. ಕೌದಿ ಅಂಚಿನಿಂದ ಹನಿ, ಹನಿ, ಹನಿ. ಮರಳು ನೆನೀತು, ಮೆತ್ತಗಾತು. ಅಂವ ಕೈ ತಕ್ಕೊಂಡ. ಎದ್ದ.”

“ಅಬ್ಬಬ್ಬ!” ಎಂದಳು ಒಬ್ಬ ಹೆಂಗಸು, ಹ್ಞೂಂ ಅನ್ನುವುದನ್ನು ಮರೆತು.

“ಮತ್ತ ಬಾಜಾರದಾಗ ಆಕಿನ್ನ ಯಾಕ ಮಾತಾಡಸಲಿಲ್ಲ?” ಶೇವಂತಾಬಾಯಿ ಈಗ ಪೂರ್ತಿ ತಿರುಗಿ ಕೂತಿದ್ದಳು.

“ಅವನ ಕಣ್ಣತುಂಬ ಮರಳಿತ್ತು ಅಕ್ಕಾ. ನೀರು ಬಿದ್ದದ್ದು ಗೊತ್ತು, ಕೊಟ್ಟಾಕಿ ಕಾಣಲಿಲ್ಲ. ಮಳಿ ಬಂತು ಅಂತ ತಿಳಕೊಂಡ. ಕಣ್ಣು ತೊಳಕೊಂಡು ನೋಡೂದ್ರಾಗ ಆಕಿ ಹೋಗಿದ್ಲು.”

ಮಳೆ ಎಂದು ತಿಳಿದುಕೊಂಡು ನಾವು ಎಷ್ಟು ಜನರ ಮುಂದೆ ಕುದುರೆಯ ಮೇಲೆ ಹಾದುಹೋಗಿದ್ದೇವೋ, ಬಲ್ಲವರು ಯಾರು?

“ಕೌದಿ ಯಾರು ಹೊಲಿದಿದ್ರು?” ಶೇವಂತಾಬಾಯಿಯ ದನಿಯಲ್ಲಿ ನಗು ಬಂದಿತ್ತು.

“ಕಲ್ಯಾಣದಾಗ ಒಬ್ಬ ದರ್ಜಿ ಇದ್ದ. ಅಷ್ಟೇನ ಛಲೋ ಹೊಲೀತಿದ್ದಿಲ್ಲ. ಹೊಲಿಗಿ ಸಡಲಿತ್ತು, ಅದಕ್ಕಽ ನೀರು ಇಳೀತು.”

ಬಸ್ಸು ಗೊಳ್ಳೆಂದಿತು. ಸ್ನೇಹಲಳೂ ನಕ್ಕಳು. ಅವಳ ಫೋನು ಅಷ್ಟು ಹೊತ್ತೂ ತೊಡೆಯ ಮೇಲೆ ತೆರೆದೇ ಇತ್ತು. “ಚಾಚಾ, ಇದು ಎರಡನೇ ಭಾಗದ ದೊಡ್ಡ ಮೈನಸ್ ಪಾಯಿಂಟ್,” ಎಂದಳು. “ಇದನ್ನ ಹಾಕಬೇಕಿತ್ತು, ಬಿಟ್ಟಾರ.”

“ಈಗ ಮಖಮಲ್ ಎಲ್ಲಿ ಅದಾಳ?” ಶೇವಂತಾಬಾಯಿಯ ಕೊನೆಯ ಪ್ರಶ್ನೆ.

“ಎಲ್ಲಿ ಹೋಗ್ತಾಳ್ರಿ ಅಕ್ಕಾ. ಬಾಜಾರದಾಗ ನೆಳ್ಳಿಗೆ ನಿಂತಾಳ. ನೀವಽ ನೋಡೀರಲ್ಲ.”

ಶೇವಂತಾಬಾಯಿ ಮೆಂತೆಯ ಕಟ್ಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ “ಹ್ಞೂಂ” ಎಂದಳು. ಕಲ್ಯಾಣಕ್ಕೆ ಮೊದಲು ಸಿಗುವ ಬಂಗ್ಲಾದ ನಿಲ್ದಾಣ ಹಿಂದೆ ಬಿದ್ದು ಎಷ್ಟೋ ಹೊತ್ತಾಗಿತ್ತು. ಸಂತೋಷಕುಮಾರ ಸೀಟಿ ಊದುವುದನ್ನು ಮರೆತಿದ್ದ. ಅಲ್ಲಿ ಇಳಿಯಬೇಕಾದ ಇಬ್ಬರು ತಮ್ಮ ಗಂಟುಮೂಟೆ ಹಿಡಿದು ಕಲ್ಯಾಣದಲ್ಲೇ ಇಳಿದರು. ಬೈಯಲಿಲ್ಲ.

ಊರಿನಲ್ಲಿ ಮಂಜಿನ ಗುರುತೂ ಉಳಿದಿರಲಿಲ್ಲ. ಕೋಟೆ ತನ್ನ ಜಾಗದಲ್ಲಿತ್ತು. ಪೀರ್ ಪಾಷಾ, “ಒಂಟಿ ಬಂತೇನ್ರಿ?” ಎಂದು ಕೂಗಿದ. “ಬಂತು, ನಿನ್ನ ಅಂಗಡಿ ನೋಡಿ ಓಡಿಹೋತು,” ಎಂದಳು ಶೇವಂತಾಬಾಯಿ. ಸರ್ವರಿ ಅಂಗಡಿಯ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಟೊಪ್ಪಿಗೆಯ ಕಲೆ ನೋಡಿದಳು. ಚಹ ಮಾಡಲು ಒಳಗೆ ಹೋದಳು.

ಇಳಿಹೊತ್ತಿನ ಅಸರ್ ನಮಾಜಿಗೆ ಇನ್ನೂ ತುಸು ಹೊತ್ತಿತ್ತು. ರಜಾಕ ಯಂತ್ರದ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ಕಾಲರನ್ನು ತೊಡೆಗೆ ಎಳೆದುಕೊಂಡ. ಹೊರಗೆ ಮೋರಖಂಡಿಯ ಟಂಟಂ ರಿಕ್ಷಾ ಹಾರನ್ನು ಹೊಡೆಯುತ್ತಿತ್ತು. ಸ್ನೇಹಲ ಆಗಲೇ ಹತ್ತಿ ಕೂತು ಅಜ್ಜಿಯನ್ನು ಕರೆಯುತ್ತಿದ್ದಳು. ಶೇವಂತಾಬಾಯಿ ಕಟ್ಟೆಯ ಅಂಚಿಗೆ ನಿಂತು ಚಂಚಿಯನ್ನು ಬಿಚ್ಚಿದಳು. ಬಿಳಿ ಬಟ್ಟೆಯ ಗಂಟನ್ನು ತೆಗೆದು, ಹಲ್ಲಿನಿಂದ ಸಡಿಲಿಸಿ, ಒಳಗಿನ ಹಿತ್ತಾಳೆಯ ಅಂಗುಸ್ತಾನನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಯಂತ್ರದ ಹಲಗೆಯ ಮೇಲೆ, ಅವನ ಬಲಗೈಯ ಪಕ್ಕ, ಸದ್ದಾಗದಂತೆ ಇಟ್ಟಳು. ಬಾಡಿದ ಮೆಂತೆಯ ಕಟ್ಟನ್ನು ಎತ್ತಿಕೊಂಡು ಟಂಟಂ ಕಡೆ ನಡೆದಳು.